ಕಾಡಲ್ಲಿ ಬಿದ್ದ ಮರ ಎಷ್ಟು ಕೊಳೆತಿದೆ ಅಂತ ತಿಳಿಯೋದು ಹೇಗೆ?

ನಾಗರಹೊಳೆಗೋ ಬಂಡೀಪುರಕ್ಕೋ ಸಫಾರಿ ಹೋಗಿ ಬಂದ ಮೈಸೂರಿನ ಜನ ಹುಲಿ, ಆನೆ ಸುದ್ದಿ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ಮಾತು ಕೇಳುತ್ತಾರೆ. "ಅಲ್ಲಾ, ಅಷ್ಟೊಂದು ತೇಗದ ಮರ ಬಿದ್ದು ಸುಮ್ನೆ ಕೊಳೀತಾ ಇದೆಯಲ್ಲ, ಎತ್ತಿ ಮಾರಬಾರದಾ?" ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಮಳೆ ಬಂದಾಗಲಂತೂ ಈ ಮಾತು ಜಾಸ್ತಿ. ಊರೊಳಗೆ ಬಿದ್ದ ಮರವನ್ನು ಬೇಗ ಕತ್ತರಿಸಿ ಸಾಗಿಸುತ್ತಾರೆ. ಕಾಡಲ್ಲಿ ಬಿದ್ದದ್ದು ಬಿದ್ದ ಜಾಗದಲ್ಲೇ ಇರುತ್ತದೆ.

ಈ ಮಾತಿನೊಳಗೆ ಎರಡು ಪ್ರಶ್ನೆ ಇವೆ. ಮರವನ್ನು ಯಾಕೆ ಅಲ್ಲೇ ಬಿಡುತ್ತಾರೆ ಅನ್ನೋದು ಒಂದು. ಅದಕ್ಕೆ ಉತ್ತರ ಚಿಕ್ಕದು. ಆ ದಿಮ್ಮಿಯಲ್ಲಿ ಈಗ ಮರ ಅಂತ ಎಷ್ಟು ಉಳಿದಿದೆ ಅನ್ನೋದು ಇನ್ನೊಂದು. ಜೀಪಿನಲ್ಲಿ ಕೂತು ನೋಡಿ ಇದನ್ನು ಹೇಳಲು ಆಗುವುದಿಲ್ಲ. ಇಳಿದು ಹತ್ತಿರ ಹೋದರೂ ಮೊದಲ ನೋಟಕ್ಕೆ ತಪ್ಪಾಗುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ತಿಳಿದವರು ಹೇಗೆ ಅಳೆಯುತ್ತಾರೆ? ಈ ಲೇಖನದ ಬಹುಪಾಲು ಅದರ ಬಗ್ಗೆಯೇ.

ಮೊದಲು ಚಿಕ್ಕ ಉತ್ತರ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರಾಣಿಗಳ ನೆಲೆ ಹಾಳಾಗುವ ಹಾಗೆ ಏನನ್ನೂ ತೆಗೆಯಲು ಬಿಡುವುದಿಲ್ಲ. 2000ದ ಫೆಬ್ರವರಿ 14ರಂದು ಕಾಡುಗಳ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಇದನ್ನು ಇನ್ನೂ ಬಿಗಿ ಮಾಡಿತು. ಸತ್ತ ಮರ, ರೋಗ ಹಿಡಿದ ಮರ, ಗಾಳಿಗೆ ಉರುಳಿದ ಮರ, ಕೊನೆಗೆ ಹುಲ್ಲನ್ನೂ ಅಲ್ಲಿಂದ ತೆಗೆಯಬಾರದು ಅಂತ ಕೋರ್ಟ್ ಹೇಳಿತು. ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಹಿಂದೆ ನೆಟ್ಟು ಬೆಳೆಸಿದ ತೇಗದ ತೋಪುಗಳೂ ಇವೆ. ತೇಗ ಎಷ್ಟೇ ಬೆಲೆಬಾಳಲಿ, ಅಲ್ಲಿ ಬಿದ್ದರೆ ಮರ ಮಾರುವ ಡಿಪೋಗೆ ಬರುವುದಿಲ್ಲ. ಮಂಡ್ಯ ಜಿಲ್ಲೆಯ ಮೇಲುಕೋಟೆ ಅಭಯಾರಣ್ಯಕ್ಕೂ ಇದೇ ನಿಯಮ.

ಬಿದ್ದ ಮರಕ್ಕೆ ಕಾಡಲ್ಲಿ ಕೆಲಸವೂ ಇದೆ. ಕರಡಿ ಅದನ್ನು ಉಗುರಿನಿಂದ ಸೀಳಿ ಗೆದ್ದಲು, ಇರುವೆ ತಿನ್ನುತ್ತದೆ. ಮರಕುಟಿಗ ಒಳಗಿನ ಹುಳಕ್ಕಾಗಿ ಕುಟ್ಟುತ್ತದೆ. ಉಡ, ಮುಂಗುಸಿ, ಚೇಳು ಅದರಡಿ ಸೇರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಸುತ್ತಲಿನ ನೆಲ ಬಿರುಕು ಬಿಟ್ಟರೂ ದಿಮ್ಮಿಯ ಕೆಳಗಿನ ಮಣ್ಣಲ್ಲಿ ತೇವ ಉಳಿದಿರುತ್ತದೆ.

ಅಳತೆ ಬೇಕಾಗಿರುವುದು ಮುಖ್ಯವಾಗಿ ಇಂಗಾಲದ ಲೆಕ್ಕಕ್ಕೆ. ಕಾಡಿನಲ್ಲಿ ಇಂಗಾಲ ಐದು ಕಡೆ ಇರುತ್ತದೆ ಅಂತ ಜಗತ್ತಿನಾದ್ಯಂತ ಒಪ್ಪಿಕೊಂಡಿದ್ದಾರೆ. ನೆಲದ ಮೇಲಿನ ಗಿಡಮರ, ನೆಲದೊಳಗಿನ ಬೇರು, ಸತ್ತ ಮರ, ತರಗೆಲೆ, ಮಣ್ಣು. ಡೆಹ್ರಾಡೂನ್‌ನಲ್ಲಿರುವ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆಯ ವರದಿಗಳಲ್ಲಿ ಈ ಐದಕ್ಕೂ ಬೇರೆ ಬೇರೆ ಲೆಕ್ಕ ಇರುತ್ತದೆ. ಒಣಗಿಸಿದ ಮರದ ತೂಕದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಇಂಗಾಲ. ಲೆಕ್ಕಕ್ಕೆ ಸಾಮಾನ್ಯವಾಗಿ ಶೇ 47 ಅಂತ ಹಿಡಿಯುತ್ತಾರೆ. ಮರ ಕೊಳೆತಂತೆಲ್ಲ ಆ ಇಂಗಾಲದ ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಮಣ್ಣಿಗೆ ಸೇರುತ್ತದೆ. ಎಷ್ಟು ಹೋಯಿತು ಅಂತ ತಿಳಿಯಬೇಕಾದರೆ ಎಷ್ಟು ಕೊಳೆಯಿತು ಅಂತ ಮೊದಲು ತಿಳಿಯಬೇಕು, ಅಲ್ವಾ?

ಕೊಳೆಯೋದು ಅಂದರೆ ಏನು?

ಮರವನ್ನು ಕಟ್ಟಿರುವುದು ಮುಖ್ಯವಾಗಿ ಮೂರು ವಸ್ತುಗಳು. ಸೆಲ್ಯುಲೋಸ್ ಅನ್ನುವ ಉದ್ದನೆಯ ನಾರು. ಅದು ಮರದ ಅರ್ಧದಷ್ಟು. ಆ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಹೆಮಿಸೆಲ್ಯುಲೋಸ್. ಇವೆಲ್ಲದರ ನಡುವೆ ತುಂಬಿಕೊಂಡು ಗಟ್ಟಿ ಹಿಡಿಯುವ ಲಿಗ್ನಿನ್.

ನಮ್ಮ ಹಳ್ಳಿಗಳ ಹಳೇ ಮಣ್ಣಿನ ಗೋಡೆಯನ್ನು ನೆನೆಸಿಕೊಳ್ಳಿ. ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು, ಕಟ್ಟಿದ ಗೋಡೆ. ಹುಲ್ಲು ಸೆಲ್ಯುಲೋಸ್, ಮಣ್ಣು ಲಿಗ್ನಿನ್ ಅಂತ ಇಟ್ಟುಕೊಳ್ಳಿ. ಆ ಗೋಡೆಯಿಂದ ಹುಲ್ಲನ್ನು ಮಾತ್ರ ಯಾರೋ ಎಳೆದು ತಿಂದರೆ ಉಳಿಯುವುದು ಬರೀ ಮಣ್ಣು. ಅದು ಒಣಗಿ, ಚೌಕ ಚೌಕವಾಗಿ ಬಿರುಕು ಬಿಟ್ಟು, ಮುಟ್ಟಿದರೆ ಪುಡಿಯಾಗುತ್ತದೆ. ಮಣ್ಣನ್ನು ತೊಳೆದು ಹಾಕಿದರೆ ಹುಲ್ಲಿನ ಎಳೆಗಳು ಜೋತಾಡುತ್ತಾ ಉಳಿಯುತ್ತವೆ.

ಮರದಲ್ಲೂ ಇವೆರಡೂ ನಡೆಯುತ್ತವೆ. ಕೊಳೆಸುವುದು ಬ್ಯಾಕ್ಟೀರಿಯಾ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಿಜವಾಗಿ ಮುಖ್ಯ ಕೆಲಸ ಶಿಲೀಂಧ್ರಗಳದ್ದು, ಅಂದರೆ ಅಣಬೆ ಜಾತಿಯವು. ನಮಗೆ ಕಾಣುವ ಅಣಬೆ ಅದರ ಹಣ್ಣು ಅಷ್ಟೇ. ಅದರ ಮೈ ಕೂದಲಿಗಿಂತ ತೆಳ್ಳಗಿನ ಎಳೆಗಳಾಗಿ ಮರದೊಳಗೆ ಹಬ್ಬಿರುತ್ತದೆ. ಕೆಲವು ಶಿಲೀಂಧ್ರಗಳು ಲಿಗ್ನಿನ್ನನ್ನೂ ಕರಗಿಸಬಲ್ಲವು. ಅವು ತಿಂದ ಮರ ಬೆಳ್ಳಗೆ, ನಾರು ನಾರಾಗಿ, ಕೈಯಲ್ಲಿ ಎಳೆದರೆ ಎಳೆ ಎಳೆಯಾಗಿ ಬರುತ್ತದೆ. ಇದನ್ನು ಬಿಳಿ ಕೊಳೆ ಅನ್ನುತ್ತಾರೆ. ಇನ್ನು ಕೆಲವು ನಾರನ್ನು ತಿಂದು ಲಿಗ್ನಿನ್ನನ್ನು ಬಹುಪಾಲು ಬಿಟ್ಟುಬಿಡುತ್ತವೆ. ಆಗ ಮರ ಕಂದು ಬಣ್ಣಕ್ಕೆ ತಿರುಗಿ ಚೌಕಾಕಾರದ ಬಿರುಕು ಬಿಡುತ್ತದೆ. ಅದು ಕಂದು ಕೊಳೆ. ಮೂರನೆಯದು ಮೃದು ಕೊಳೆ. ಬೇರೆ ಶಿಲೀಂಧ್ರಗಳಿಗೆ ಕಷ್ಟವಾಗುವಷ್ಟು ಒದ್ದೆ ಇರುವ ಕಡೆಯೂ ಅದು ಮರದ ಮೇಲ್ಮೈಯನ್ನು ನಿಧಾನವಾಗಿ ಮೆತ್ತಗೆ ಮಾಡುತ್ತದೆ.

ಕಂದು ಕೊಳೆ ಹೆಚ್ಚಾಗಿ ಪೈನ್, ದೇವದಾರು ತರಹದ ಸೂಜಿ ಎಲೆಯ ಮರಗಳಲ್ಲಿ ಕಾಣುತ್ತದೆ. ನಮ್ಮ ಕಾಡಿನ ಮತ್ತಿ, ಹೊನ್ನೆ, ನಂದಿ, ದಿಂಡಿಗದಂಥ ಅಗಲ ಎಲೆಯ ಮರಗಳಲ್ಲಿ ಬಿಳಿ ಕೊಳೆಯೇ ಹೆಚ್ಚು.

ಎಲ್ಲಾ ಮರ ಒಂದೇ ವೇಗದಲ್ಲಿ ಕೊಳೆಯುವುದಿಲ್ಲ. ಮರದ ಹೊರಗಿನ ಬಿಳಿ ಭಾಗ ನೀರು ಸಾಗಿಸುವ ಭಾಗ. ಅದರಲ್ಲಿ ಪಿಷ್ಟ, ಸಕ್ಕರೆ ಇರುತ್ತದೆ. ಹಾಗಾಗಿ ಹುಳಕ್ಕೂ ಶಿಲೀಂಧ್ರಕ್ಕೂ ಮೊದಲ ಊಟ ಅದೇ. ಒಳಗಿನ ಬಣ್ಣ ಕಟ್ಟಿದ ಗಟ್ಟಿ ಭಾಗ ಚೇಗು. ತೇಗ, ಬೀಟೆ, ಹೊನ್ನೆಯ ಚೇಗಿನಲ್ಲಿ ಹುಳಗಳಿಗೆ ಹಿಡಿಸದ ರಾಸಾಯನಿಕಗಳು ಇರುತ್ತವೆ. ತೇಗದಲ್ಲಿರುವ ಟೆಕ್ಟೋಕ್ವಿನೋನ್ ಗೆದ್ದಲನ್ನು ದೂರ ಇಡುತ್ತದೆ. ಬೂರುಗದಲ್ಲಿ ಇಂಥ ರಕ್ಷಣೆ ಇಲ್ಲವೆಂದೇ ಹೇಳಬಹುದು.

ಯಾವ ಮರ ಎಷ್ಟು ಬಾಳುತ್ತದೆ ಅಂತ ತಿಳಿಯಲು ನಮ್ಮ ದೇಶದಲ್ಲಿ ಒಂದು ಹಳೇ ಪರೀಕ್ಷೆ ಇದೆ. ಹೆಸರು ಗ್ರೇವ್‌ಯಾರ್ಡ್ ಟೆಸ್ಟ್, ಅಂದರೆ ಸ್ಮಶಾನ ಪರೀಕ್ಷೆ. ಮರದ ಗೂಟಗಳನ್ನು ಸಾಲಾಗಿ ನೆಲದಲ್ಲಿ ಹೂತು, ಆಗಾಗ ಕಿತ್ತು ನೋಡಿ, ಮತ್ತೆ ಹೂಳುತ್ತಾರೆ. ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಾಳಿದರೆ ಮೊದಲ ದರ್ಜೆ. 60ರಿಂದ 120 ತಿಂಗಳಾದರೆ ಎರಡನೇ ದರ್ಜೆ. 60 ತಿಂಗಳೂ ತಾಳದಿದ್ದರೆ ಮೂರನೆಯದು. ತೇಗದ ಚೇಗು ಮೊದಲ ದರ್ಜೆ. ಬೂರುಗ, ಮಾವು ಮೂರನೇ ದರ್ಜೆ. ನೆನಪಿರಲಿ, ಇದು ಚೇಗಿನ ಲೆಕ್ಕ. ತೇಗದ ಹೊರಗಿನ ಬಿಳಿ ಭಾಗ ಬೇರೆ ಮರದಷ್ಟೇ ಬೇಗ ಹಾಳಾಗುತ್ತದೆ.

ಕಬಿನಿ ಹಿನ್ನೀರಿನ ಮರಗಳು ಯಾಕೆ ಇನ್ನೂ ನಿಂತಿವೆ?

ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರು ನೋಡಿದವರಿಗೆ ಈ ಪ್ರಶ್ನೆ ಬಂದೇ ಇರುತ್ತದೆ. ಅಣೆಕಟ್ಟು ಮುಗಿದದ್ದು 1974ರಲ್ಲಿ. ಕಾಕನಕೋಟೆ ಕಾಡಿನ ಒಂದು ಭಾಗ ಮುಳುಗಿತು. ಅಲ್ಲಿ ಸತ್ತ ಮರಗಳ ಬೋಳು ಕಾಂಡಗಳು ಇವತ್ತಿಗೂ ನೀರಿನ ನಡುವೆ ನಿಂತಿವೆ. ನೀರುಕಾಗೆ, ಹದ್ದು ಅವುಗಳ ಮೇಲೆ ಕೂರುತ್ತವೆ. ಐವತ್ತು ವರ್ಷ ದಾಟಿದರೂ ಕೊಳೆತು ಬಿದ್ದಿಲ್ಲ ಯಾಕೆ?

ಕೊಳೆಸುವ ಶಿಲೀಂಧ್ರಕ್ಕೆ ನೀರು ಬೇಕು, ಗಾಳಿಯೂ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಅದರ ಕೆಲಸ ನಿಲ್ಲುತ್ತದೆ. ಮರದ ತೇವ ಶೇ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ. ಶೇ 30ರ ಸುಮಾರಿಗೆ ಬಂದ ಮೇಲೆ ಚುರುಕಾಗುತ್ತದೆ. ಮರದೊಳಗಿನ ಸಂದುಗಳೆಲ್ಲ ನೀರಿನಿಂದ ತುಂಬಿಹೋದರೆ ಆಮ್ಲಜನಕ ಸಿಗದೆ ಮತ್ತೆ ಸುಮ್ಮನಾಗುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಭಾಗಕ್ಕೆ ಗಾಳಿ ಇಲ್ಲ. ಮೇಲೆ ಎದ್ದು ನಿಂತ ಭಾಗ ಬಿಸಿಲು ಗಾಳಿಗೆ ಬೇಗ ಒಣಗುತ್ತದೆ. ಸುತ್ತ ನೀರಿರುವ ತನಕ ನೆಲದ ಗೆದ್ದಲು ಅಲ್ಲಿಗೆ ತಲುಪುವುದೂ ಕಷ್ಟ. ಜೊತೆಗೆ ಇಷ್ಟು ವರ್ಷ ಉಳಿದುಕೊಂಡವು ಸಹಜವಾಗಿಯೇ ಗಟ್ಟಿ ಜಾತಿಯವು. ಮೆತ್ತನೆಯವು ಯಾವಾಗಲೋ ಹೋಗಿವೆ. ನೀರು ಏರಿ ಇಳಿಯುವ ಮಟ್ಟದಲ್ಲಿ ಮಾತ್ರ ನೀರೂ ಇದೆ, ಗಾಳಿಯೂ ಇದೆ. ಆ ಪಟ್ಟಿಯೇ ದುರ್ಬಲ.

ಇದೇ ಲೆಕ್ಕ ನೆಲದ ಮೇಲಿನ ದಿಮ್ಮಿಗೂ ಅನ್ವಯಿಸುತ್ತದೆ. ನೆಲಕ್ಕೆ ತಾಗಿದ ಕೆಳಮೈ ತೇವವಾಗಿರುತ್ತದೆ, ಬೇಗ ಕೊಳೆಯುತ್ತದೆ. ಬಂಡೆಯ ಮೇಲೋ ಬೇರೆ ಮರದ ಮೇಲೋ ಒರಗಿ ನೆಲ ಮುಟ್ಟದೆ ಇರುವ ದಿಮ್ಮಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಮೇಲುಕೋಟೆ ಕಡೆಯ ಕುರುಚಲು ಕಾಡಿನಲ್ಲಿ ಬಿದ್ದ ಮರ ವರ್ಷದ ಬಹುಭಾಗ ಒಣಗಿಯೇ ಇರುತ್ತದೆ. ಅಲ್ಲಿ ಶಿಲೀಂಧ್ರಕ್ಕಿಂತ ಗೆದ್ದಲಿನದ್ದೇ ಕಾರುಬಾರು. ನಾಗರಹೊಳೆಯ ಕೊಡಗಿನ ಕಡೆಗೆ ಹೋದಂತೆ ಮಳೆ ಹೆಚ್ಚು, ಅಣಬೆಯ ಕೆಲಸವೂ ಹೆಚ್ಚು.

ಐದು ದರ್ಜೆಯ ಪಟ್ಟಿ

ಬಿದ್ದ ಮರ ಎಷ್ಟು ಕೊಳೆತಿದೆ ಅಂತ ಕಣ್ಣಲ್ಲಿ ನೋಡಿ ಹೇಳಲು ಒಂದು ಪಟ್ಟಿ ಬಹಳ ಬಳಕೆಯಲ್ಲಿದೆ. 1979ರಲ್ಲಿ ಕ್ರಿಸ್ ಮೇಸರ್ ಮತ್ತು ಜೊತೆಗಾರರು ಅಮೆರಿಕದ ಒರೆಗಾನ್, ವಾಷಿಂಗ್ಟನ್ ರಾಜ್ಯಗಳ ಕಾಡಿಗಾಗಿ ಬರೆದದ್ದು. ಸಣ್ಣಪುಟ್ಟ ಬದಲಾವಣೆಯೊಂದಿಗೆ ಇದನ್ನು ಈಗ ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ.

ಒಂದನೇ ದರ್ಜೆ ಅಂದರೆ ಈಗಷ್ಟೇ ಬಿದ್ದದ್ದು. ತೊಗಟೆ ಪೂರ್ತಿ ಇದೆ, ಸಣ್ಣ ಕಡ್ಡಿಗಳೂ ಇವೆ, ಮರ ದುಂಡಗಿದೆ, ಚಾಕು ಒಳಗೆ ಹೋಗುವುದಿಲ್ಲ. ಎರಡನೆಯದರಲ್ಲಿ ಸಣ್ಣ ಕಡ್ಡಿಗಳು ಉದುರಿವೆ, ತೊಗಟೆ ಸಡಿಲವಾಗಿದೆ, ಹೊರಭಾಗ ಸ್ವಲ್ಪ ಮೆತ್ತಗಾಗಿದೆ. ಮೂರನೆಯದರಲ್ಲಿ ತೊಗಟೆ ಅಲ್ಲಲ್ಲಿ ಮಾತ್ರ ಉಳಿದಿದೆ. ಮರ ದೊಡ್ಡ ಗಟ್ಟಿ ತುಂಡುಗಳಾಗಿ ಬಿಡುತ್ತದೆ, ಆದರೆ ತನ್ನ ಭಾರ ತಾನು ಹೊರಬಲ್ಲದು. ನಾಲ್ಕನೆಯದಕ್ಕೆ ಬಂದಾಗ ದಿಮ್ಮಿ ನೆಲದ ಏರಿಳಿತಕ್ಕೆ ತಕ್ಕಂತೆ ಕುಸಿದು ಮಲಗಿರುತ್ತದೆ, ತುಂಡುಗಳು ಮೆತ್ತಗೆ. ಐದನೇ ದರ್ಜೆಯಲ್ಲಿ ಅದು ದುಂಡಗೆ ಇರುವುದಿಲ್ಲ, ಚಪ್ಪಟೆಯಾಗಿ ಅರ್ಧ ಮಣ್ಣಲ್ಲಿ ಹೂತಿರುತ್ತದೆ. ಕೈಯಲ್ಲಿ ಹಿಸುಕಿದರೆ ಪುಡಿ. ಅದರ ಮೇಲೆ ಗಿಡಗಳೂ ಎದ್ದಿರುತ್ತವೆ.

ಓದಲು ಸುಲಭ, ಬಳಸಲೂ ಸುಲಭ. ತರಬೇತಿ ಪಡೆದ ಅರಣ್ಯ ವಾಚರ್ (ಕಾವಲುಗಾರ) ಒಬ್ಬರು ಒಂದು ದಿಮ್ಮಿಗೆ ದರ್ಜೆ ಕೊಡಲು ಎರಡು ಮೂರು ನಿಮಿಷ ಸಾಕು. ಒಂದೇ ದಿಮ್ಮಿಯ ಬುಡ ಮೂರನೇ ದರ್ಜೆಯಲ್ಲಿದ್ದು ತುದಿ ನಾಲ್ಕರಲ್ಲಿ ಇರಬಹುದು. ಆಗ ಹೆಚ್ಚಿನ ಭಾಗ ಯಾವುದರಲ್ಲಿದೆಯೋ ಅದನ್ನು ಬರೆಯುತ್ತಾರೆ, ಇಲ್ಲವೇ ದಿಮ್ಮಿಯನ್ನು ಎರಡು ಭಾಗ ಅಂತ ಲೆಕ್ಕ ಹಿಡಿಯುತ್ತಾರೆ.

ನಮ್ಮ ಕಾಡಿನಲ್ಲಿ ಈ ಪಟ್ಟಿ ಎಡವುವುದು ಎಲ್ಲಿ?

ಈ ಪಟ್ಟಿ ಹುಟ್ಟಿದ್ದು ಸೂಜಿ ಎಲೆಯ ಮರಗಳ ತಣ್ಣನೆಯ ಕಾಡಿನಲ್ಲಿ. ಅಲ್ಲಿ ಕೊಳೆ ಹೆಚ್ಚಾಗಿ ಹೊರಗಿಂದ ಒಳಕ್ಕೆ ಸಾಗುತ್ತದೆ. ಹಾಗಾಗಿ ಹೊರಗೆ ಕಂಡದ್ದನ್ನು ನಂಬಿದರೂ ದೊಡ್ಡ ನಷ್ಟವಿಲ್ಲ. ಮೈಸೂರು ಸೀಮೆಯ ಕಾಡಲ್ಲಿ ಹೊರಮೈ ಎರಡು ರೀತಿಯಲ್ಲಿ ಸುಳ್ಳು ಹೇಳುತ್ತದೆ.

ಮೊದಲನೆಯದು, ಹೊರಗೆ ಕೆಟ್ಟದಾಗಿ ಕಂಡು ಒಳಗೆ ಗಟ್ಟಿ ಇರುವುದು. ತೇಗದ ದಿಮ್ಮಿ ಬಿದ್ದು ಕೆಲವು ವರ್ಷವಾದರೆ ತೊಗಟೆ ಹೋಗಿರುತ್ತದೆ. ಬಿಳಿ ಭಾಗವನ್ನು ಹುಳ, ಗೆದ್ದಲು ಮುಗಿಸಿರುತ್ತವೆ. ಮೈಯೆಲ್ಲ ಪುಡಿ, ಮಣ್ಣು. ನೋಡಿದ ತಕ್ಷಣ ನಾಲ್ಕನೇ ದರ್ಜೆ ಅಂತ ಬರೆದುಬಿಡಬಹುದು. ಎರಡು ಬೆರಳಿನಷ್ಟು ಕೆರೆದು ನೋಡಿದರೆ ಒಳಗೆ ಚೇಗು ಕಬ್ಬಿಣವಾಗಿ ಕೂತಿರುತ್ತದೆ.

ಎರಡನೆಯದು ಇದರ ಉಲ್ಟಾ. ಹೊರಗೆ ತೊಗಟೆ ಸಮೇತ ಚೆನ್ನಾಗಿ ಕಾಣುವ ದಿಮ್ಮಿ ಒಳಗೆ ಪೂರ್ತಿ ಟೊಳ್ಳು. ಗೆದ್ದಲು ಬೆಳಕಿಗೆ ಬರುವುದಿಲ್ಲ. ಒಳಗೊಳಗೇ ತಿಂದು, ಹೊರಗಿನ ತೆಳು ಪದರವನ್ನು ಹಾಗೇ ಬಿಡುತ್ತದೆ. ಇನ್ನು ಕೆಲವು ಮರಗಳಿಗೆ ನಿಂತಿರುವಾಗಲೇ ಒಳಗೆ ಕೊಳೆ ಹಿಡಿದಿರುತ್ತದೆ. ಮುರಿದ ಕೊಂಬೆಯ ಗಾಯದಿಂದಲೋ, ಬೆಂಕಿ ಸುಟ್ಟ ಬುಡದಿಂದಲೋ ಶಿಲೀಂಧ್ರ ಒಳಗೆ ಹೋಗಿ ನಡುಭಾಗವನ್ನು ಲಡ್ಡು ಮಾಡಿರುತ್ತದೆ. ಬಿದ್ದ ದಿನವೇ ಅದು ಅರ್ಧ ಖಾಲಿ. ಪಟ್ಟಿಯ ಪ್ರಕಾರ ಮಾತ್ರ ಅದು ಒಂದನೇ ದರ್ಜೆ!

ತೊಗಟೆಯನ್ನು ನಂಬುವುದೂ ಕಷ್ಟ. ನಂದಿ ಮರದ ತೊಗಟೆ ಜೀವಂತ ಇರುವಾಗಲೇ ಪದರ ಪದರವಾಗಿ ಉದುರುತ್ತದೆ. ತೇಗದ ತೊಗಟೆಯನ್ನು ಆನೆಗಳು ಸುಲಿದು ತಿನ್ನುತ್ತವೆ. ಹಾಗಾಗಿ ತೊಗಟೆ ಇಲ್ಲ ಅಂದ ಮಾತ್ರಕ್ಕೆ ಮರ ಹಳೆಯದು ಅಂತ ಹೇಳುವಂತಿಲ್ಲ. ಮತ್ತಿಯ ದಪ್ಪ ತೊಗಟೆ, ಮೊಸಳೆ ಚರ್ಮ ಅಂತ ಜನ ಕರೆಯೋದು, ಒಳಗಿನ ಬಿಳಿ ಭಾಗ ಮುಗಿದ ಮೇಲೂ ಅಂಟಿಕೊಂಡು ಇರಬಲ್ಲದು.

ಬೆಂಕಿ ಇನ್ನೊಂದು ತೊಡಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿ ಮೈಸೂರಿನವರಿಗೆ ನೆನಪಿರುತ್ತದೆ. ಕೊಳೆತ ದಿಮ್ಮಿಗೆ ಕಿಡಿ ಬಿದ್ದರೆ ಜ್ವಾಲೆ ಇಲ್ಲದೆ ಒಳಗೇ ಹೊಗೆಯಾಡುತ್ತಾ ದಿನಗಟ್ಟಲೆ ಉರಿಯುತ್ತದೆ. ಗಟ್ಟಿ ದಿಮ್ಮಿಯಾದರೆ ಮೈ ಮಾತ್ರ ಸುಟ್ಟು ಕರಿಯಾಗುತ್ತದೆ. ಆ ಇದ್ದಿಲ ಪದರವನ್ನು ಶಿಲೀಂಧ್ರವೂ ಸುಲಭಕ್ಕೆ ಮುಟ್ಟುವುದಿಲ್ಲ, ಗೆದ್ದಲೂ ಮುಟ್ಟುವುದಿಲ್ಲ. ಅಂಥ ದಿಮ್ಮಿಯ ಹೊರಮೈ ನೋಡಿ ಒಳಗಿನ ಕಥೆ ಹೇಳಲು ಸಾಧ್ಯವೇ ಇಲ್ಲ.

ಈ ಕಾರಣಕ್ಕೆ ಪಟ್ಟಿಯನ್ನು ಬಿಸಾಡಬೇಕಿಲ್ಲ. ಆದರೆ ಇಲ್ಲಿ ಅದನ್ನು ಬಳಸುವಾಗ ಮೂರು ವಿಷಯ ಜೊತೆಗೆ ಬರೆಯಲೇಬೇಕು ಅನ್ನೋದು ನನ್ನ ಅನಿಸಿಕೆ. ಮರದ ಜಾತಿ ಯಾವುದು, ಒಳಗೆ ಟೊಳ್ಳು ಇದೆಯೇ, ಗೆದ್ದಲು ಹಿಡಿದಿದೆಯೇ. ಜಾತಿ ಗೊತ್ತಿಲ್ಲದೆ ಕೊಟ್ಟ ದರ್ಜೆಗೆ ಇಲ್ಲಿ ಬೆಲೆ ಬಹಳ ಕಡಿಮೆ. ತೊಗಟೆ, ಎಲೆ ಹೋದ ಮೇಲೆ ಜಾತಿ ಗುರುತಿಸುವುದು ಪುಸ್ತಕ ಓದಿದವರಿಗಿಂತ ಹಾಡಿಗಳಲ್ಲಿ, ಅಂದರೆ ಕಾಡಿನ ಬುಡಕಟ್ಟು ಜನರ ಊರುಗಳಲ್ಲಿ, ಬೆಳೆದ ಜೇನುಕುರುಬ, ಬೆಟ್ಟಕುರುಬ ವಾಚರ್‌ಗಳಿಗೆ ಸಲೀಸು.

ಗೆದ್ದಲಿನ ಪಾಲು

ಗೆದ್ದಲನ್ನು ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಗಿಸುವಂತಿಲ್ಲ. ನಮ್ಮಲ್ಲಿ ಹುತ್ತ ಕಟ್ಟುವ ಗೆದ್ದಲುಗಳಲ್ಲಿ ಬಹಳಷ್ಟು ಮರವನ್ನು ತಾವೇ ಪೂರ್ತಿ ಅರಗಿಸಿಕೊಳ್ಳುವುದಿಲ್ಲ. ಅಗಿದ ಮರವನ್ನು ಹುತ್ತಕ್ಕೆ ಸಾಗಿಸಿ, ಅದರ ಮೇಲೆ ಒಂದು ಜಾತಿಯ ಶಿಲೀಂಧ್ರ ಬೆಳೆಸುತ್ತವೆ. ಶಿಲೀಂಧ್ರ ಮರವನ್ನು ಮೆತ್ತಗೆ ಮಾಡಿಕೊಡುತ್ತದೆ, ಗೆದ್ದಲು ಅದನ್ನು ತಿನ್ನುತ್ತದೆ. ಮಳೆಗಾಲದ ಶುರುವಿನಲ್ಲಿ ಹುತ್ತದ ಹತ್ತಿರ ಏಳುವ, ಜನ ಹುಡುಕಿ ತಂದು ಸಾರು ಮಾಡುವ ಅಣಬೆ ಇದೇ ಶಿಲೀಂಧ್ರದ್ದು.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಗತ್ತಿನ 130ಕ್ಕೂ ಹೆಚ್ಚು ಜಾಗಗಳಲ್ಲಿ ಒಂದೇ ತರಹದ ಮರದ ತುಂಡುಗಳನ್ನು ಇಟ್ಟು ನೋಡಿದ್ದರು. ಉಷ್ಣಾಂಶ 10 ಡಿಗ್ರಿ ಹೆಚ್ಚಾದರೆ ಗೆದ್ದಲು ಮರ ತಿನ್ನುವ ವೇಗ 6 ಪಟ್ಟಿಗಿಂತ ಹೆಚ್ಚಾಗುತ್ತದೆ ಅಂತ ಗೊತ್ತಾಯಿತು. ಸೂಕ್ಷ್ಮಜೀವಿ, ಶಿಲೀಂಧ್ರಗಳ ಕೆಲಸ ಅಷ್ಟು ಏರುವುದಿಲ್ಲ. ಬಿಸಿ ಸೀಮೆಯ ಕಾಡಿಗೆ ತಣ್ಣನೆ ದೇಶದ ಅಳತೆಪಟ್ಟಿ ಹಾಗೇ ಹೊಂದುವುದಿಲ್ಲ ಅನ್ನಲು ಇದೂ ಒಂದು ಕಾರಣ.

ಗೆದ್ದಲು ಅಳೆಯುವವರಿಗೆ ಇನ್ನೊಂದು ತಂಟೆ ಮಾಡುತ್ತದೆ. ತಿಂದ ಜಾಗಕ್ಕೆ ಮಣ್ಣು ತುಂಬುತ್ತದೆ. ತೂಕ ಹಾಕಿದರೆ ಮಣ್ಣಿನ ಭಾರವೂ ಮರದ ಲೆಕ್ಕಕ್ಕೆ ಸೇರಿಬಿಡುತ್ತದೆ. ಇದರ ಪರಿಹಾರ ಮುಂದೆ ಬರುತ್ತದೆ.

ಚುಚ್ಚಿ ನೋಡೋದು, ತಟ್ಟಿ ನೋಡೋದು

ಕಣ್ಣಿನ ಅಂದಾಜನ್ನು ಸರಿಪಡಿಸುವ ಸುಲಭ ಸಾಧನ ಚಾಕು. ಒಂದೇ ಚಾಕು, ಒಂದೇ ಬಲ, ದಿಮ್ಮಿಗೆ ಅಡ್ಡಲಾಗಿ ಚುಚ್ಚಬೇಕು. ಎಷ್ಟು ಆಳ ಹೋಯಿತು ಅಂತ ಸ್ಕೇಲಿನಲ್ಲಿ ಅಳೆದು ಬರೆಯಬೇಕು. ಮೇಲೆ, ಪಕ್ಕದಲ್ಲಿ, ನೆಲದ ಹತ್ತಿರ, ಹೀಗೆ ಹಲವು ಕಡೆ. ಒಂದೇ ಕಡೆ ಚುಚ್ಚಿ ತೀರ್ಮಾನಿಸಿದರೆ ಅದು ಆ ಜಾಗದ ಕಥೆಯಷ್ಟೇ.

ಮಚ್ಚಿನ ಹಿಂಬದಿಯಿಂದಲೋ ಸುತ್ತಿಗೆಯಿಂದಲೋ ತಟ್ಟಿದರೆ ಗಟ್ಟಿ ಮರ ಟಣ್ ಅನ್ನುತ್ತದೆ, ಟೊಳ್ಳು ಮರ ಡಬ್ ಡಬ್ ಅನ್ನುತ್ತದೆ. ಬಡಗಿಗಳಿಗೆ, ನಾಟಾ ವ್ಯಾಪಾರಿಗಳಿಗೆ ಇದು ಹೊಸದಲ್ಲ. ತೊಂದರೆ ಏನೆಂದರೆ ಶಬ್ದವನ್ನು ಪುಸ್ತಕದಲ್ಲಿ ಬರೆದಿಡಲು ಆಗುವುದಿಲ್ಲ. ನಿಮ್ಮ ಡಬ್ ನನಗೆ ಟಣ್ ಆಗಬಹುದು.

ಮನುಷ್ಯನ ಕೈಯ ಈ ವ್ಯತ್ಯಾಸ ಹೋಗಲಾಡಿಸಲು ಯಂತ್ರಗಳಿವೆ. ಪೈಲೋಡಿನ್ ಅನ್ನುವುದರಲ್ಲಿ ಸ್ಪ್ರಿಂಗ್ ಪ್ರತಿ ಸಲವೂ ಒಂದೇ ಬಲದಿಂದ ಒಂದು ಮೊಂಡು ಮೊಳೆಯನ್ನು ಮರಕ್ಕೆ ಹೊಡೆಯುತ್ತದೆ. 40 ಮಿಲಿಮೀಟರ್ ತನಕ ಎಷ್ಟು ಆಳ ಇಳಿಯಿತು ಅಂತ ಅದರ ಮೇಲೇ ಓದಬಹುದು. ಚಾಕುವಿನ ಕೆಲಸವೇ, ಆದರೆ ಬಲ ಬದಲಾಗುವುದಿಲ್ಲ. ಒಳಗಿನ ಟೊಳ್ಳು ತಿಳಿಯಲು ಇದು ಸಾಲದು. ಅದಕ್ಕೆ ರೆಸಿಸ್ಟೋಗ್ರಾಫ್ ಇದೆ. ತುದಿಯಲ್ಲಿ 3 ಮಿಲಿಮೀಟರ್ ಅಗಲವಿರುವ ಉದ್ದನೆ ಸೂಜಿ ತಿರುಗುತ್ತಾ ಮರದೊಳಗೆ ಹೋಗುತ್ತದೆ. ತಿರುಗಲು ಎಷ್ಟು ಕಷ್ಟವಾಯಿತು ಅಂತ ಗೆರೆಯಾಗಿ ದಾಖಲಾಗುತ್ತದೆ. ಗಟ್ಟಿ ಇದ್ದಲ್ಲಿ ಗೆರೆ ಮೇಲಕ್ಕೆ, ಟೊಳ್ಳು ಬಂದಲ್ಲಿ ನೆಲಕ್ಕೆ. ಕಾಂಡದ ಸುತ್ತ ಸೆನ್ಸರ್ ಕಟ್ಟಿ, ತಟ್ಟಿ, ಶಬ್ದ ಎಷ್ಟು ಬೇಗ ಇನ್ನೊಂದು ಕಡೆ ತಲುಪಿತು ಅಂತ ನೋಡುವ ವಿಧಾನವೂ ಇದೆ. ಕೊಳೆತ ಜಾಗವನ್ನು ಸುತ್ತಿ ಬರಬೇಕಾದ್ದರಿಂದ ಶಬ್ದ ತಡವಾಗುತ್ತದೆ. ಇದನ್ನು ಬಿದ್ದ ದಿಮ್ಮಿಗಿಂತ ನಗರದ ರಸ್ತೆ ಬದಿಯ ನಿಂತ ಮರಗಳಿಗೆ ಹೆಚ್ಚು ಬಳಸುತ್ತಾರೆ. ಮಳೆಗಾಲಕ್ಕೆ ಮುಂಚೆ ಯಾವ ಮರ ಅಪಾಯ ಅಂತ ತಿಳಿಯಲು ಇದು ಒಳ್ಳೆಯ ದಾರಿ.

ಕೊನೆಗೂ ತೂಕವೇ ಸಾಕ್ಷಿ

ಮೇಲಿನವೆಲ್ಲ ಅಂದಾಜು. ಮರ ಎಷ್ಟು ಉಳಿದಿದೆ ಅಂತ ಖಚಿತವಾಗಿ ಹೇಳುವುದು ಸಾಂದ್ರತೆ. ಅಂದರೆ ಇಷ್ಟು ಗಾತ್ರದ ಮರದಲ್ಲಿ, ನೀರು ಕಳೆದು, ಇಷ್ಟು ತೂಕ ಅನ್ನುವ ಲೆಕ್ಕ.

ದಿಮ್ಮಿಯಿಂದ ಒಂದು ಬಿಲ್ಲೆ ಕೊಯ್ಯುತ್ತಾರೆ. ನೀರಿನಲ್ಲಿ ಮುಳುಗಿಸಿ ಎಷ್ಟು ನೀರು ಪಕ್ಕಕ್ಕೆ ಸರಿಯಿತು ಅಂತ ನೋಡಿ ಗಾತ್ರ ತಿಳಿಯುತ್ತಾರೆ. ಪುಡಿಯಾಗುವ ಹಾಗಿದ್ದರೆ ತೆಳು ಪ್ಲಾಸ್ಟಿಕ್ ಸುತ್ತಿ ಮುಳುಗಿಸುತ್ತಾರೆ. ಆಮೇಲೆ 105 ಡಿಗ್ರಿ ಶಾಖದ ಓವನ್‌ನಲ್ಲಿ, ತೂಕ ಇನ್ನು ಇಳಿಯುವುದಿಲ್ಲ ಅನ್ನುವ ತನಕ ಒಣಗಿಸುತ್ತಾರೆ. ಒಣಗಿಸದೆ ತೂಗಿದರೆ ಉಪಯೋಗವಿಲ್ಲ. ಚೆನ್ನಾಗಿ ಕೊಳೆತ ಮರ ತನ್ನ ಒಣ ತೂಕಕ್ಕಿಂತ ಹೆಚ್ಚು ನೀರು ಹೀರಿಕೊಂಡಿರಬಹುದು. ಎತ್ತಿದಾಗ ಭಾರ ಇದೆ ಅಂತ ಗಟ್ಟಿ ಅಂದುಕೊಂಡರೆ ಮೋಸ ಹೋದಂತೆ.

ಒಂದು ಲೆಕ್ಕ ಮಾಡೋಣ. ಗಟ್ಟಿ ತೇಗದ ಸಾಂದ್ರತೆ ಘನ ಸೆಂಟಿಮೀಟರ್‌ಗೆ ಸುಮಾರು 0.6 ಗ್ರಾಂ. ನಿಮ್ಮ ಬಿಲ್ಲೆಯ ಗಾತ್ರ 2000 ಘನ ಸೆಂಟಿಮೀಟರ್, ಒಣ ತೂಕ 720 ಗ್ರಾಂ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ 0.36. ಅಂದರೆ ಶೇ 60 ಉಳಿದಿದೆ, ಶೇ 40 ಹೋಗಿದೆ. ಗೆದ್ದಲು ಮಣ್ಣು ತುಂಬಿದ ಬಿಲ್ಲೆಯಾದರೆ ಅದರ ಒಂದು ಪಾಲನ್ನು ಪೂರ್ತಿ ಸುಟ್ಟು ಬೂದಿ ತೂಗುತ್ತಾರೆ. ಮರ ಸುಟ್ಟುಹೋಗುತ್ತದೆ, ಮಣ್ಣು ಉಳಿಯುತ್ತದೆ. ಮಣ್ಣಿನ ಭಾರ ಕಳೆದರೆ ನಿಜವಾದ ಮರ ಸಿಗುತ್ತದೆ.

ಕಾಡಿನ ಪ್ರತಿ ದಿಮ್ಮಿಯನ್ನೂ ಹೀಗೆ ಕೊಯ್ಯಲು ಆಗುತ್ತದೆಯೇ? ಇಲ್ಲ. ಹಾಗಾಗಿ ಪ್ರತಿ ಜಾತಿಯ ಪ್ರತಿ ದರ್ಜೆಯಿಂದ ಕೆಲವನ್ನು ಮಾತ್ರ ಕೊಯ್ದು ಸರಾಸರಿ ಸಾಂದ್ರತೆ ತೆಗೆಯುತ್ತಾರೆ. ಉಳಿದವಕ್ಕೆ ದರ್ಜೆ ನೋಡಿ ಆ ಸಂಖ್ಯೆ ಹಾಕುತ್ತಾರೆ. ಐದು ದರ್ಜೆಯ ಪಟ್ಟಿಯ ನಿಜವಾದ ಉಪಯೋಗ ಇರುವುದು ಇಲ್ಲೇ.

ಇಡೀ ಕಾಡಿನ ಲೆಕ್ಕ

ಎಕರೆಗಟ್ಟಲೆ ಕಾಡಲ್ಲಿ ಎಷ್ಟು ಬಿದ್ದ ಮರ ಇದೆ ಅಂತ ತಿಳಿಯಲು ಒಂದು ಚಂದದ ಉಪಾಯ ಇದೆ. 1960ರ ದಶಕದಲ್ಲಿ ರೂಪುಗೊಂಡದ್ದು. ನೆಲದ ಮೇಲೆ ನೇರವಾಗಿ ಒಂದು ಹಗ್ಗ ಎಳೆಯಿರಿ. ಹಗ್ಗ ದಾಟುವ ದಿಮ್ಮಿಗಳನ್ನು ಮಾತ್ರ ನೋಡಿ. ದಾಟುವ ಜಾಗದಲ್ಲಿ ಅವುಗಳ ಅಡ್ಡಳತೆ ಅಳೆಯಿರಿ. ಉದ್ದ ಬೇಡ. ಸಾಮಾನ್ಯವಾಗಿ 10 ಸೆಂಟಿಮೀಟರ್‌ಗಿಂತ ತೆಳ್ಳಗಿನದನ್ನು ಬಿಡುತ್ತಾರೆ, ಅದು ತರಗೆಲೆ ಕಡ್ಡಿಯ ಲೆಕ್ಕಕ್ಕೆ ಹೋಗುತ್ತದೆ.

ಪ್ರತಿ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ ಎಲ್ಲಾ ಕೂಡಿಸಿ. ಅದನ್ನು 9.87ರಿಂದ, ಅಂದರೆ ಪೈ ವರ್ಗದಿಂದ, ಗುಣಿಸಿ. ಹಗ್ಗದ ಉದ್ದದ 8 ಪಟ್ಟಿನಿಂದ ಭಾಗಿಸಿ. ಅಡ್ಡಳತೆ ಸೆಂಟಿಮೀಟರ್‌ನಲ್ಲಿ, ಹಗ್ಗ ಮೀಟರ್‌ನಲ್ಲಿ ಇದ್ದರೆ ಉತ್ತರ ಹೆಕ್ಟೇರಿಗೆ ಇಷ್ಟು ಘನ ಮೀಟರ್ ಅಂತ ಬರುತ್ತದೆ. 100 ಮೀಟರ್ ಹಗ್ಗಕ್ಕೆ 30, 20, 10 ಸೆಂಟಿಮೀಟರ್‌ನ ಮೂರು ದಿಮ್ಮಿ ಸಿಕ್ಕಿದವು ಅಂದುಕೊಳ್ಳಿ. 900, 400, 100 ಸೇರಿ 1400. 9.87ರಿಂದ ಗುಣಿಸಿ 800ರಿಂದ ಭಾಗಿಸಿದರೆ ಹೆಕ್ಟೇರಿಗೆ ಸುಮಾರು 17 ಘನ ಮೀಟರ್. ದಿಮ್ಮಿಗಳು ಯಾವ ದಿಕ್ಕಿಗೆ ಬೇಕಾದರೂ ಬಿದ್ದಿರುತ್ತವೆ ಅನ್ನುವ ನಂಬಿಕೆ ಈ ಸೂತ್ರದ ಅಡಿಪಾಯ. ಗಾಳಿಗೆ ಎಲ್ಲವೂ ಒಂದೇ ಕಡೆಗೆ ಉರುಳಿದ್ದರೆ ಒಂದೇ ಹಗ್ಗ ಸಾಲದು, ಬೇರೆ ಬೇರೆ ದಿಕ್ಕಿಗೆ ಎಳೆಯಬೇಕು.

ನಾಟಾ ಡಿಪೋಗಳಲ್ಲಿ ಬಳಸುವ ಲೆಕ್ಕ ಇಲ್ಲಿ ಸಲ್ಲದು. ಅಲ್ಲಿ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ದುಂಡು ಮರದ ನಿಜವಾದ ಗಾತ್ರದ ಶೇ 78.5 ಮಾತ್ರ ಅದರಲ್ಲಿ ಬರುತ್ತದೆ. ಕೊಯ್ಯುವಾಗ ಹೋಗುವ ಹೊರಪಟ್ಟಿಯನ್ನು ಬಿಟ್ಟು ಲೆಕ್ಕ ಹಾಕುವ ವ್ಯಾಪಾರಕ್ಕೆ ಅದು ಸರಿ, ಇಂಗಾಲದ ಲೆಕ್ಕಕ್ಕೆ ಅಲ್ಲ.

ಗಾತ್ರ ಸಿಕ್ಕಿತು. ದರ್ಜೆಗೆ ತಕ್ಕ ಸಾಂದ್ರತೆಯಿಂದ ಗುಣಿಸಿದರೆ ತೂಕ. ಅದರ ಶೇ 47 ಇಂಗಾಲ. ಟೊಳ್ಳನ್ನು ಕಳೆಯಲು ಮರೆತರೆ ಇಡೀ ಲೆಕ್ಕ ಉಬ್ಬುತ್ತದೆ.

ಎಷ್ಟು ವರ್ಷಕ್ಕೆ ಮಾಯವಾಗುತ್ತದೆ?

ಪ್ರತಿ ವರ್ಷ ಇರುವುದರಲ್ಲಿ ಒಂದೇ ಪಾಲು ಹೋಗುತ್ತದೆ ಅಂತ ಹಿಡಿಯುವುದು ರೂಢಿ. ವರ್ಷಕ್ಕೆ ಸುಮಾರು ಶೇ 7 ಹೋದರೆ ಅರ್ಧವಾಗಲು 10 ವರ್ಷ ಬೇಕು. ಶೇ 20ರಷ್ಟು ಹೋದರೆ ಮೂರು ವರ್ಷ ಸಾಕು. ಇವು ಬರೀ ಉದಾಹರಣೆಗೆ ಹಿಡಿದ ಸಂಖ್ಯೆಗಳು. ತೇಗದ ಚೇಗಿಗೂ ಬೂರುಗಕ್ಕೂ ಒಂದೇ ಸಂಖ್ಯೆ ಹಾಕುವಂತಿಲ್ಲ ಅಂತ ಈಗಾಗಲೇ ನೋಡಿದೆವು. ನಿಜವಾದ ವೇಗ ತಿಳಿಯಲು ಇರುವ ದಾರಿ ಒಂದೇ. ಬಿದ್ದ ದಿನ ಗೊತ್ತಿರುವ ದಿಮ್ಮಿಗೆ ನಂಬರ್ ಹಾಕಿ, ವರ್ಷ ವರ್ಷವೂ ಹೋಗಿ ನೋಡುತ್ತಿರಬೇಕು.

ಇದನ್ನು ನೀವೂ ಮಾಡಬಹುದು. ಕಾಡಲ್ಲಲ್ಲ, ನಿಮ್ಮ ಜಮೀನಿನಲ್ಲಿ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಇಳಿದು ದಿಮ್ಮಿ ಮುಟ್ಟುವುದು ಅಪರಾಧ. ಮಂಡ್ಯ, ಶ್ರೀರಂಗಪಟ್ಟಣದ ಕಡೆ ಬದುವಿನಲ್ಲಿ ಬಿದ್ದ ಮಾವು, ಹೊಂಗೆ, ಸಿಲ್ವರ್ ಓಕ್ ಯಾವುದಾದರೂ ಸರಿ. ಸೌದೆಗೆ ಬೇಡವಾದ ಒಂದು ದಿಮ್ಮಿಯನ್ನು ಬಿಟ್ಟುಬಿಡಿ. ಬಿದ್ದ ತಿಂಗಳು, ಜಾತಿ, ಎರಡೂ ತುದಿಯ ಸುತ್ತಳತೆ ಬರೆದಿಡಿ. ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೆ ಮತ್ತು ಮಳೆಗಾಲ ಮುಗಿದ ಮೇಲೆ, ಅದೇ ಚಾಕುವಿನಿಂದ ಚುಚ್ಚಿ ಆಳ ಬರೆಯಿರಿ. ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಕೊಯ್ದ ತುದಿಯಲ್ಲಿ ಟೊಳ್ಳು ಕಂಡರೆ ಕೋಲು ಹಾಕಿ ಎಷ್ಟು ಆಳವಿದೆ ನೋಡಿ, ಕೈ ಹಾಕಬೇಡಿ. ದಿಮ್ಮಿ ಹೊರಳಿಸಲೇಬೇಕಾದರೆ ಗುದ್ದಲಿಯಿಂದ ನಿಮ್ಮ ಕಡೆಗೆ ಎಳೆದುಕೊಳ್ಳಿ. ಆಗ ಕೆಳಗಿರುವ ಹಾವು, ಚೇಳು ಆಚೆ ಬದಿಗೆ ಹೋಗುತ್ತದೆ. ನೋಡಿದ ಮೇಲೆ ಮೊದಲಿದ್ದ ಹಾಗೇ ಹೊರಳಿಸಿ ಇಡಿ. ಮೇಲ್ಮೈ ಕೆಳಗಾದರೆ ತೇವ ಬದಲಾಗಿ ಮುಂದಿನ ಅಳತೆಯೆಲ್ಲ ಕೆಡುತ್ತದೆ.